ಬೆಳ್ಳಿಗೂದಲಿನವಳ ಸಿಟ್ಟು

ಬ್ಯಾಡಗಿ
೧೮ ಜನವರಿ ೨೦೨೬, ಭಾನುವಾರ

ಪ್ರೀತಿಯ ಚನ್ನೇಶಣ್ಣಾ,

ಹೊಟ್ಟೆಯ ಉರಿ ಈಗ ಹೇಗಿದೆ? ಮೆಣಸಿನಕಾಯಿ ಖರೀದಿಗೆಂದು ಗುಂಟೂರಿಗೆ ಹೋದವನು ಅಲ್ಲಿಯ ಖಾರಪುಡಿಯನ್ನು ನಮ್ಮೂರ ಅಳತೆಯಲ್ಲೇ ಸಾರಿಗೆ ಸುರಿದೆಯಂತೆ! "ಬಣ್ಣ ನೋಡಿ ಹಾಕ್ಯಾನ, ಹುಚ್ಚಪ್ಪ" ಎಂದು ಅವ್ವ ಬೈದಳು. ಬೈಯುತ್ತಲೇ ನಿನಗಾಗಿ ತುಪ್ಪ ಕಾಸಿ ಡಬ್ಬಿಗೆ ತುಂಬಿದಳು. ಗುಂಟೂರಿಗೆ ಹೊರಟ ಮೈಲಪ್ಪನ ಲಾರಿಯಲ್ಲಿ ಅದರ ಜೊತೆಗೇ ಈ ಪತ್ರ ಬರುತ್ತಿದೆ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನೀನು ನಡುವೆ ಬಾಯಿ ಹಾಕುತ್ತೀ. ಇಲ್ಲಿ ಎಲ್ಲರೂ ಆರಾಮ. ಮಾರುಕಟ್ಟೆ ಯಾರ್ಡಿಗೆ ಹೊಸ ಮೆಣಸಿನಕಾಯಿ ಬರುತ್ತಿರುವುದರಿಂದ ಊರಿಗೆಲ್ಲ ಸೀನು.

ಈಗ ನಮ್ಮ ವಾದಕ್ಕೆ ಬರುತ್ತೇನೆ. ನೀನು ಹೊಗಳಿದ ಆ ಜಪಾನಿ ಅನಿಮೆ ಕಾರ್ಟೂನ್ ಸರಣಿಯನ್ನು ಕೊನೆಯವರೆಗೂ ನೋಡಿದೆ. ನಾಯಕನನ್ನು ಕಂಡರೆ ಸಾಕು, ಕತ್ತಿ ಹಿರಿಯುವ ಆ ಬೆಳ್ಳಿಗೂದಲಿನವಳನ್ನು 'ತ್ಸುಂದೆರೆ' ಎಂದೆಯಲ್ಲ, ಮೇಲೆ ಸಿಡಿಮಿಡಿ, ಒಳಗೆ ಅಕ್ಕರೆ ಇರುವ ಜಾತಿ ಎಂದು? ಖಂಡಿತ ಅಲ್ಲ. ಆ ಜಾತಿಯವಳು ಎದುರಿಗೆ ಬೈದರೂ ಬಾಗಿಲು ಹಾಕಿಕೊಂಡ ಮೇಲೆ ಕರಗುತ್ತಾಳೆ. ಇವಳು ಒಬ್ಬಳೇ ಇದ್ದಾಗ ಏನು ಮಾಡುತ್ತಾಳೆ? ಕತ್ತಿ ಒರೆಸಿಟ್ಟು ನಿದ್ದೆ ಹೊಡೆಯುತ್ತಾಳೆ! ಜ್ವರ ಬಂದಾಗ ಅವನಿಗೆ ಗಂಜಿ ಕೊಟ್ಟಳಲ್ಲ ಎನ್ನಬೇಡ, ಅವತ್ತು ಇಡೀ ಪಡೆಗೇ ಗಂಜಿ ಬಡಿಸಿದ್ದಾಳೆ, ಕಣ್ಣು ಬಿಟ್ಟು ನೋಡು. ಅವಳ ಊರು ಸುಟ್ಟವರ ಮಗ ಅವನು. ಅದು ನಾಚಿಕೆಯಲ್ಲ ಅಣ್ಣಾ, ಸಿಟ್ಟು. ತ್ಸುಂದೆರೆ ಬೇಕಾದರೆ ನಮ್ಮ ಅವ್ವ ಇದ್ದಾಳೆ.

ಆದರೆ ನೀನು ಅಲ್ಲಿಗೇ ನಿಲ್ಲಲಿಲ್ಲ. "ನಮ್ಮ ನಾಗೀನೂ ಹಂಗ, ಬೈದಷ್ಟೂ ಪ್ರೀತಿ. ಲಗ್ನ ಆದ್ರ ಅಕೀನ್ನ" ಎಂದೆ. ಮೋಟೆಬೆನ್ನೂರಿನ ಜಯವ್ವತ್ತೆಯ ಮಗಳು ನಾಗಲಕ್ಷ್ಮಿ ಸೋದರತ್ತೆ ಮಗಳಾದ್ದರಿಂದ ಹುಟ್ಟಿದಾಗಲೇ ನಿನ್ನವಳಾದಳು, ಎಲ್ಲರೂ ಹಾಗೆಯೇ ಛೇಡಿಸುತ್ತ ಬಂದರು. ನೀನು ಕೊಟ್ಟ ಬಳೆಯನ್ನು ಅವಳು ಹಿಂದಕ್ಕೆ ಕೊಟ್ಟಾಗ ಮನೆಮಂದಿಯೆಲ್ಲ ನಕ್ಕರು, ನಾನೂ ನಕ್ಕೆ. ಬೇರೆಯವರ ಮನೆಯ ಹುಡುಗಿ ಹಾಗೆ ಮಾಡಿದ್ದರೆ ಬೇಡವೆಂದಳು ಎಂದೇ ತಿಳಿಯುತ್ತಿದ್ದೆವು. ನಮ್ಮೂರ ಕಾಯಿ ಎಷ್ಟು ಕೆಂಪಾದರೂ ನಾಲಿಗೆ ಸುಡುವುದಿಲ್ಲ, ಅದನ್ನೇ ತಿಂದು ಬೆಳೆದ ನಮಗೆ ಕೆಂಪಾದದ್ದೆಲ್ಲ ಸಪ್ಪೆ ಎಂಬ ನಂಬಿಕೆ. ಆ ನಂಬಿಕೆಯಿಂದ ಏನಾಯಿತೆಂದು ನಿನ್ನ ಹೊಟ್ಟೆಯನ್ನೇ ಕೇಳು.

ಬೇಸರ ಮಾಡಿಕೊಳ್ಳಬೇಡ. ನೀನು ಒಳ್ಳೆಯವನು, ನಿನ್ನನ್ನು ಕಂಡರೆ ನನಗೆ ಬಹಳ ಪ್ರೀತಿ, ಅದಕ್ಕೇ ಇಷ್ಟು ನೇರವಾಗಿ ಬರೆದೆ. ಮಜ್ಜಿಗೆ ಕುಡಿ, ಹೊತ್ತಿಗೆ ಸರಿಯಾಗಿ ಉಣ್ಣು. ಅಪ್ಪ ಅವ್ವನ ಆಶೀರ್ವಾದ ತುಪ್ಪದ ಜೊತೆಗೇ ಇದೆ.

ನಿನ್ನ ಬಾಯಿಬಡುಕಿ ತಂಗಿ,
ದೀಪಿಕಾ

ತಾ.ಕ.: ಮೈಲಪ್ಪ ಹಾರ್ನ್ ಬಾರಿಸುತ್ತಿದ್ದಾನೆ. ಶುಕ್ರವಾರ ಅಪ್ಪ ಸೀರೆ ತೆಗೆದುಕೊಂಡು ನಿನ್ನ ಲಗ್ನದ ಮಾತು ಗಟ್ಟಿಮಾಡಲು ಮೋಟೆಬೆನ್ನೂರಿಗೆ ಹೊರಟಿದ್ದಾರೆ. ಅದಕ್ಕೆ ಮೊದಲು ನೀನೇ ಅಪ್ಪನಿಗೆ ಫೋನ್ ಮಾಡಿ ಬೇಡವೆನ್ನು, ನಾಗಿ ಹೇಳಿದರೆ ಮತ್ತೆ ಎಲ್ಲರೂ ನಗುತ್ತಾರೆ. ನಿನ್ನೆ ಅವಳು ಇಲ್ಲಿಗೆ ಬಂದಿದ್ದಳು. ಅಡುಗೆಮನೆಯಲ್ಲಿ ನಾವಿಬ್ಬರೇ, ಬಾಗಿಲು ಹಾಕಿತ್ತು. ಬೈಯಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಚನ್ನೇಶನ ಮ್ಯಾಲೆ ನನಗೇನ ಸಿಟ್ಟಿಲ್ಲ ದೀಪಿ, ಅಂವಾ ಬ್ಯಾಡ, ಅಷ್ಟ" ಎಂದಳು.