ಪಗಾರದಲ್ಲಿ ಮೂರು ಸಾವಿರ ಕಡಿಮೆ

೩ ನವೆಂಬರ್ ೨೦೨೫, ಸೋಮವಾರ

ಇಲ್ಲಿಯ ತನಕದ ಖರ್ಚು ಮೊದಲು ಬರೆದುಬಿಡುತ್ತೇನೆ. ರೋಣದಿಂದ ಗದಗಿಗೆ ಹೋಗಿ ಬಂದ ಬಸ್ ಚಾರ್ಜು ೧೧೦. ನನ್ನದೊಂದೇ, ಹೆಂಡತಿ ಪುಷ್ಪಾವತಿಗೆ ಫ್ರೀ. ಡಾಕ್ಟರ ಫೀ ೫೦೦. ನರದ ಟೆಸ್ಟು ೨,೮೦೦. ಗುಳಿಗೆ, ಮಣಿಕಟ್ಟಿನ ಪಟ್ಟಿ ೧,೧೪೦. ಚಹಾ, ಇಡ್ಲಿ ೯೦. ಒಟ್ಟು ೪,೬೪೦. ಮುಂದೆ ಕಾದಿರುವುದು ಆಪರೇಶನ್, ೨೨,೦೦೦.

ಅವಳ ಬಲಗೈಯ ಮಣಿಕಟ್ಟಿನಲ್ಲಿ ನರ ಒತ್ತಿಹೋಗಿದೆ. ಹೆಬ್ಬೆರಳು ಸೇರಿ ಮೂರು ಬೆರಳಿಗೆ ಸ್ಪರ್ಶವೇ ಇಲ್ಲ.

"ಏನ್ ಕೆಲಸ ಮಾಡ್ತೀರಿ ಅಮ್ಮಾ?" ಡಾಕ್ಟರು ಕೇಳಿದರು.

"ರೊಟ್ಟಿ ಬಡೀತೀನ್ರಿ."

"ದಿನಕ್ಕ ಎಷ್ಟು?"

"ನೂರು."

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರು ನೋಡಿದೆ.

ಇನ್ನೊಂದು ಬಾಬತ್ತು ಇದೆ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ್ದು. ೨೦೧೯ರ ನವೆಂಬರಿನಿಂದ ಹತ್ತಿಯ ಜಿನ್ನಿಂಗ್ ಮಿಲ್ಲಿನ ನನ್ನ ಪಗಾರದಿಂದ ತಿಂಗಳಿಗೆ ೩,೦೦೦ ಹೆಚ್ಚಿಗೆ ಪಿಎಫ್‌ಗೆ ಹೋಗುತ್ತಿದೆ. ಕಾನೂನಿನಂತೆ ಹಿಡಿಯುವ ಹನ್ನೆರಡು ಪರ್ಸೆಂಟಿನ ಮೇಲೆ ಇದು. ನಾನೇ ಬರೆದುಕೊಟ್ಟು ಹಿಡಿಸಿದ್ದು. ಮುಪ್ಪಿಗೆ ಆಗಲಿ ಅಂತ. ಮನೆಯಲ್ಲಿ ಹೇಳಿದ್ದು ಮಾತ್ರ: ಮಿಲ್ಲಿನವರು ಪಗಾರ ಇಳಿಸಿದ್ದಾರೆ.

ಕಾರಣ, ಪುಷ್ಪಾಳ ತಮ್ಮ ದುರಗೇಶ. ಹೊಳೆಆಲೂರಿನಲ್ಲಿ ಟೆಂಪೋ ಓಡಿಸುತ್ತಾನೆ. ಆ ಟೆಂಪೋ ಕೊಳ್ಳುವಾಗ ನನ್ನಿಂದ ೪೦,೦೦೦ ಒಯ್ದ. ಕೇಳಿದಾಗೆಲ್ಲ "ಮುಂದಿನ ಅಮಾಸಿಗೆ ಮಾಮಾ" ಅನ್ನುತ್ತಾನೆ. ಎಪ್ಪತ್ತರ ಮೇಲೆ ಅಮವಾಸ್ಯೆ ಆಗಿವೆ. ಅಕ್ಕನ ಕೈಯಲ್ಲಿ ರೊಕ್ಕ ಕಂಡರೆ ಇವನಿಗೆ ಹೊಳೆಆಲೂರಿನವರೆಗೆ ವಾಸನೆ ಹೋಗುತ್ತದೆ.

ಪಗಾರ ಇಳಿಯಿತು ಅಂದೆ. ಎಂಟು ದಿನಕ್ಕೆ ಪುಷ್ಪಾ ಗೌರವ್ವನ ರೊಟ್ಟಿ ಅಂಗಡಿಗೆ ಬಡಿಯಲು ಶುರು ಮಾಡಿದಳು. ಹಿಟ್ಟು, ಕಟ್ಟಿಗೆ ಗೌರವ್ವನವು. ರೊಟ್ಟಿಗೆ ಎರಡು ರೂಪಾಯಿ.

ನಾನು ತಡೆಯಲಿಲ್ಲ. ಮನೆ ನಡೆಯುತ್ತಿತ್ತಲ್ಲ…

೫ ನವೆಂಬರ್

ಮಿಲ್ಲಿನಲ್ಲಿ ಸೀಸನ್. ಮುಂಜಾನೆಯಿಂದ ತೂಕದ ಕಾಟಾದ ಮೇಲೆ ನರಗುಂದದ ಕಡೆಯ ಹತ್ತಿ ಗಾಡಿಗಳದೇ ಸಾಲು. ಎಡೆಯಲ್ಲಿ ಆಫೀಸಿಗೆ ಹೋಗಿ ಕೇಳಿದೆ. ಹೆಂಡತಿಯ ಕಾಯಿಲೆಗೆ ಪಿಎಫ್‌ನಿಂದ ತೆಗೆಯಲು ಬರುತ್ತದೆ. ಆನ್‌ಲೈನ್ ಕ್ಲೇಮು ಹಾಕಿಸಿದೆ, ೨೨,೦೦೦ಕ್ಕೆ.

ಎಲ್ಲಿಂದ ಬಂತು ಎಂದು ಅವಳು ಕೇಳುತ್ತಾಳೆ. "ಮಿಲ್ಲಿನವರು ಅಡ್ವಾನ್ಸ್ ಕೊಟ್ಟರು" ಅಂದರಾಯಿತು. ಹಳೆ ಸುಳ್ಳಿಗೆ ಹೊಸದೊಂದು ಜಾಮೀನು.

ಹೇಳಿಬಿಡಬೇಕು ಅಂತಲೂ ಅನಿಸಿತು. ಇದೇ ಮಿಲ್ಲಿನಲ್ಲಿ ಹನ್ನೊಂದು ಮಂದಿಯನ್ನು ಕೂಡಿಸಿಕೊಂಡು, ಭಾಷಣ ಹೊಡೆದು, ಹೆಚ್ಚಿಗೆ ಪಿಎಫ್ ಹಾಕಿಸಿದವನು ನಾನು. ಮಷೀನಿನ ಗದ್ದಲದಲ್ಲೂ ಕೇಳುವ ಗಂಟಲು ನನ್ನದು. ಮನೆಯಲ್ಲಿ ಬಾಯಿ ಬರುವುದಿಲ್ಲ.

೯ ನವೆಂಬರ್, ರವಿವಾರ

ಆಗಿಹೋಯಿತು.

ಜಿನ್ನಿಂಗ್ ಮಷೀನಿನ ಮೋದಿನಸಾಬ ಪೇಡೆ ತಗೊಂಡು ಮನೆಗೆ ಬಂದ. ಮಗಳು ರೇಷ್ಮಾಳ ಲಗ್ನ ಆಗಿದೆ. ನೇರ ಅಡಿಗೆಮನೆಯ ಬಾಗಿಲಿಗೇ ಹೋಗಿ ನಿಂತ.

"ಅಕ್ಕಾರ, ಮೊದಲ ನೀವು ತಗೋರಿ. ನಿಮ್ಮ ಮನಿಯವ್ರು ಪಿಎಫ್‌ಗೆ ಹೆಚ್ಚಿಗಿ ಹಾಕು ಅಂತ ಬೆನ್ನ ಹತ್ತಿದ್ದಕ್ಕ, ಒಂದ ರೂಪಾಯಿ ಸಾಲ ಇಲ್ದ ಲಗ್ನ ಆತ್ರಿ."

"ಹೌದ್ರಿ? ಎಷ್ಟ ವರ್ಷ ಹಾಕಿದ್ರಿ ಅಣ್ಣಾರ?"

"ಆರು. ನಾ ಎರಡ ಸಾವಿರ, ಇವರು ಮೂರು. ಇವರಷ್ಟ ಗುಂಡಿಗಿ ನಮಗೆಲ್ಲಿ ಬರ್ಬೇಕ್ರಿ."

"ಆರ ವರ್ಷದ ಹಿಂದ ಮಿಲ್ಲಿನಾಗ ಪಗಾರ ಇಳಿಸಿದ್ದರಲ್ರಿ?"

"ನಮ್ಮ ಮಿಲ್ಲಿನಾಗ? ಒಂದ ಪೈಸಾನೂ ಇಳಿಸಿಲ್ರಿ. ಯಾರ ಹೇಳಿದ್ರು?"

ಅವಳು ನನ್ನ ಕಡೆ ನೋಡಲೂ ಇಲ್ಲ. ಎಡಗೈಯಿಂದ ಚಹಾ ಸೋಸಿ ಅವನಿಗೆ ಕೊಟ್ಟಳು. ಅವನು ಹೋದ ಮೇಲೆ ಪೇಡೆಯ ಡಬ್ಬಿ ತಂದು ನನ್ನ ಮುಂದಿಟ್ಟಳು.

"ತಿನ್ರಿ. ನಿಮ್ಮ ಗಳಿಕಿ."

೧೦ ನವೆಂಬರ್

ಮುಂಜಾನೆ ಮಗಳ ಓದಿನ ಮಾತು ತೆಗೆದು ತಾನಾಗಿಯೇ ಬಾಯಿ ಬಿಟ್ಟಳು.

"ಮಹೇಶ್ವರಿ ನರ್ಸಿಂಗ್ ಸೇರುವಾಗ ಎಂಬತ್ತ ಸಾವಿರ ಸ್ಕಾಲರ್‌ಶಿಪ್ ಬಂತಂತ ಹೇಳಿದ್ನೆಲ್ರಿ. ಸುಳ್ಳು. ನನ್ನ ಬಂಗಾರದ ಬೋರಮಾಳ ಒತ್ತಿ ಇಟ್ಟೀನಿ."

"ಎಲ್ಲಿ?"

"ಬಜಾರದ ಸಾವುಕಾರ್ರ ಕಡೆ. ನೂರಕ್ಕ ಒಂದೂವರಿ. ತಿಂಗಳ ತಿಂಗಳ ರೊಟ್ಟಿ ರೊಕ್ಕದಾಗ ಬಡ್ಡಿ ಕಟ್ಟಾಕತ್ತೀನಿ, ನಾಕ ವರ್ಷ ಆತು."

"ನನಗ ಒಂದ ಮಾತ ಹೇಳಬಾರದಿತ್ತೇನ?"

"ಪಗಾರ ಇಳಿದಾವನ ಮುಂದ ಸಾಲದ ಮಾತ ಹ್ಯಾಂಗ ತಗೀಲ್ರಿ? ನಿಮ್ಮ ಮನಸ್ಸ ನೊಂದೀತು ಅಂತ ನಾ ಸುಳ್ಳ ಹೇಳಿದ್ನಿ. ನೀವ ಯಾಕ ಹೇಳಿದ್ರಿ?"

ದುರಗೇಶನ ಹೆಸರು ನಾಲಿಗೆಯ ತುದಿಗೆ ಬಂತು. ನುಂಗಿದೆ. ನುಂಗಿದ್ದು ಯಾರ ಹೆಸರು ಎಂದು ಅವಳಿಗೆ ತಿಳಿಯಿತು.

ಕಾಟಾದ ಮುಂದೆ ಕೂತು ಲೆಕ್ಕ ಮಾಡಿದೆ. ಹೆಚ್ಚಿಗೆ ಹಾಕಿದ್ದು ೨,೧೬,೦೦೦. ಅದಕ್ಕೆ ಬಡ್ಡಿ ಹತ್ತಿರ ಹತ್ತಿರ ೬೦,೦೦೦. ನೂರಕ್ಕೆ ಎಂಟು ಚಿಲ್ಲರೆ ಎಂದು ಹನ್ನೊಂದು ಮಂದಿಯ ಮುಂದೆ ಮೀಸೆ ತಿರುವಿದ ಬಡ್ಡಿ ಅದು. ಅದೇ ಮನೆಯಿಂದ ಅವಳು ವರ್ಷಕ್ಕೆ ಹದಿನೆಂಟರಂತೆ ಹೊರಗೆ ಕಟ್ಟುತ್ತಿದ್ದಳು. ತಿಂಗಳಿಗೆ ೧,೨೦೦, ನಲವತ್ತೆಂಟು ತಿಂಗಳು — ೫೭,೬೦೦.

ದಿನಕ್ಕೆ ನೂರು, ತಿಂಗಳಿಗೆ ಇಪ್ಪತ್ತಾರು ದಿನ, ಎಪ್ಪತ್ತೆರಡು ತಿಂಗಳು. ಒಂದು ಲಕ್ಷ ಎಂಬತ್ತೇಳು ಸಾವಿರದ ಇನ್ನೂರು ರೊಟ್ಟಿ. ಎರಡು ಸಲ ಗುಣಿಸಿ ನೋಡಿದೆ. ಅಷ್ಟೇ ಬಂತು.

೧೮ ನವೆಂಬರ್

ಕ್ಲೇಮಿನ ರೊಕ್ಕ ಖಾತೆಗೆ ಬಿತ್ತು. ಮೊಬೈಲು ತೋರಿಸಿದೆ.

"ಅದು ಮುಪ್ಪಿನ ರೊಕ್ಕರಿ. ಮುಪ್ಪಿಗೇ ಇರ್ಲಿ" ಅಂದಳು.

"ಆಪರೇಶನ್ ಹ್ಯಾಂಗ ಪುಷ್ಪಾ?"

"ಆಗ್ತೈತಿ. ನನ್ನ ಕೈಗೆ ಅದರ ಋಣ ಬ್ಯಾಡ."

ಸಂಜೆ ದುರಗೇಶ ಬಂದ. ಹತ್ತಿ ಹೇರಲು ಯಾರೋ ಮಾಲಕರ ಹತ್ತಿರ ಸೀಸನ್ ಪೂರ್ತಿ ಟೆಂಪೋ ಒಪ್ಪಿಸಿ, ಮುಂಗಡ ತಂದಿದ್ದಾನೆ. ೨೨,೦೦೦ ಎಣಿಸಿ ಅಕ್ಕನ ಉಡಿಯಲ್ಲಿ ಇಟ್ಟ. ನನ್ನ ಕಡೆ ತಿರುಗಿ ಕೈ ಮುಗಿದ.

"ಮಾಮಾ, ಇದನ್ನ ನಿಮ್ಮ ನಲವತ್ತರಾಗ ಹಿಡೀಬ್ಯಾಡ್ರಿ. ಅದು ಬ್ಯಾರೆ, ಕೊಡ್ತೀನಿ. ಇದು ಅಕ್ಕನ ಕೈ ಸಲುವಾಗಿ."

"ಯಾವಾಗ ಕೊಡ್ತಿ?" ಅಂದುಬಿಟ್ಟೆ, ರೂಢಿಯ ಪ್ರಕಾರ.

"ಮುಂದಿನ ಅಮಾಸಿಗೆ."

ಪುಷ್ಪಾ ನಕ್ಕಳು. ಒಂಬತ್ತು ದಿನದಲ್ಲಿ ಮೊದಲ ಸಲ. ನಕ್ಕದ್ದು ಅವನನ್ನು ನೋಡಿ.

೨೪ ನವೆಂಬರ್

ಆಪರೇಶನ್ ಆಯಿತು. ಹುಬ್ಬಳ್ಳಿಯಲ್ಲಿ ನರ್ಸ್ ಆಗಿರುವ ಮಹೇಶ್ವರಿ ರಜೆ ಹಾಕಿ ಬಂದಿದ್ದಳು. ಅವ್ವನಿಗೆ ಎಲ್ಲಾ ಅವಳೇ ಮಾಡಿದಳು. ನಾನು ಹೊರಗೆ ಬೆಂಚಿನ ಮೇಲೆ.

೭ ಡಿಸೆಂಬರ್, ರವಿವಾರ

ಹೊಲಿಗೆ ಬಿಚ್ಚಿದರು. ಮೂರು ಹೊತ್ತೂ ನಾನೇ ಅಡಿಗೆ. ಮೊದಲ ರೊಟ್ಟಿ ಹರಿಯಿತು, ಎರಡನೆಯದೂ. ಅವಳು ಹೀಂಗಲ್ಲ, ಹಾಂಗ ಎಂದೂ ಹೇಳಲಿಲ್ಲ. ಹರಿದದ್ದನ್ನೇ ಎಡಗೈಯಿಂದ ತಿಂದಳು. ಕ್ಲೇಮಿನ ೨೨,೦೦೦ ಖಾತೆಯಲ್ಲಿ ಹಾಗೇ ಬಿದ್ದಿದೆ. ಅದರಲ್ಲಿ ಬೋರಮಾಳ ಬಿಡಿಸಲು ಶುರು ಮಾಡೋಣ ಅಂದೆ. "ನಿಮ್ಮಿಷ್ಟ" ಅಂದಳು. ಮೊದಲು "ನಮ್ಮ" ಅನ್ನುತ್ತಿದ್ದಳು.

ಯಾರಿಗೆ ಏನು ದಕ್ಕಿತು, ಬರೆದಿಡುತ್ತೇನೆ.

ಸಾವುಕಾರ — ೫೭,೬೦೦. ಬೋರಮಾಳ ಇನ್ನೂ ಅವನ ತಿಜೋರಿಯಲ್ಲೇ.

ಮೋದಿನಸಾಬ — ಸಾಲವಿಲ್ಲದ ಲಗ್ನ. ಅವನು ಹೆಂಡತಿಗೆ ಮೊದಲ ತಿಂಗಳೇ ಹೇಳಿದ್ದನಂತೆ.

ಮಹೇಶ್ವರಿ — ನೌಕರಿ. ಅದು ನನ್ನ ಲೆಕ್ಕದಲ್ಲಿ ಬರುವುದಿಲ್ಲ.

ದುರಗೇಶ — ಏನೂ ಇಲ್ಲ. ಹಳೆಯ ೪೦,೦೦೦ದ ಮೇಲೆ ಗೀಟು ಎಳೆದಿದ್ದೇನೆ.

ನಾನು — ಬಂದ ಬಡ್ಡಿಯಲ್ಲಿ ಹೋದ ಬಡ್ಡಿ ಕಳೆದರೆ ೨,೪೦೦.

ಪುಷ್ಪಾವತಿ — ಹೆಬ್ಬೆರಳಿಗೆ ನಿನ್ನೆಯಿಂದ ಬಿಸಿ ತಣ್ಣಗೆ ತಿಳಿಯುತ್ತಿದೆ. ಉಳಿದ ಎರಡಕ್ಕೆ ಇನ್ನೂ ಇಲ್ಲ.