ತಟ್ಟುವುದಿಲ್ಲ

ಯಜಮಾನರಿಗೆ ನಮಸ್ಕಾರ.

ಎದುರು ನಿಂತರೆ ನನಗೆ ಮಾತೇ ಹೊರಡುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮುದ್ರಣಾಲಯದ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ನಿನ್ನೆಯಿಂದ ಟಕಟಕ ಎನ್ನುತ್ತಿದೆ. "ಒಂದು ತಟ್ಟು ತಟ್ಟಮ್ಮ, ಸರಿಹೋಗುತ್ತೆ" ಎಂದಿರಿ. ರಿಪೇರಿಯವರು, "ಇನ್ನೊಂದ್ಸಲ ಸುಮ್ನೆ ಆನ್ ಮಾಡಿದ್ರೆ ಒಳಗಿರೋದೆಲ್ಲ ಹೋಗ್ಬಹುದು. ಕಾಪಿ ತೆಗೆಸಿ, ಬೇರೆ ಡಿಸ್ಕ್ ಹಾಕಿಸಿ" ಎಂದರು.

ನಾವು ಅಚ್ಚು ಹಾಕಲು ಒಪ್ಪಿಕೊಂಡಿರುವ, ಮೇಷ್ಟ್ರ ಮೂವತ್ತು ವರ್ಷದ ದುಡಿಮೆಯ ನಿಘಂಟು ಇರುವುದು ಅದರಲ್ಲಿ ಮಾತ್ರ. ಅವರು ಕೈಯಲ್ಲಿ ಬರೆದುಕೊಟ್ಟ ಪದಗಳ ಚೀಟಿಗಳನ್ನು, ಟೈಪ್ ಮುಗಿದ ಮೇಲೆ, ನಿಮ್ಮ ಪದ್ಧತಿಯಂತೆ ಅಂದಂದೇ ರದ್ದಿಗೆ ಹಾಕಿದ್ದೇವೆ.

ನಾನು ತಟ್ಟುವುದಿಲ್ಲ. ನಿಮ್ಮನ್ನು ಕೇಳದೆ ಲ್ಯಾಪ್‌ಟಾಪನ್ನು ರಿಪೇರಿಯವರಲ್ಲೇ ಬಿಟ್ಟು ಬಂದಿದ್ದೇನೆ. ಹೊಸ ಡಿಸ್ಕಿಗೆ ಒಪ್ಪಿಗೆ ಬರೆದುಕೊಡಿ.

ಚೀಟಿಗಳ ವಿಷಯವನ್ನೂ ಸೇರಿಸಿ ಮೇಷ್ಟ್ರಿಗೆ ಎಲ್ಲ ಹೇಳಿದ್ದೇನೆ. ಹತ್ತು ಗಂಟೆಗೆ ನಿಮ್ಮನ್ನು ಕಾಣಲು ಬರುತ್ತಾರೆ. ದಯವಿಟ್ಟು ಎದುರಿನ ಕುರ್ಚಿಯ ಮೇಲಿನ ಕಾಗದದ ಕಟ್ಟು ತೆಗೆದಿಡಿ. ಅವರಿಗೆ ಹೆಚ್ಚು ಹೊತ್ತು ನಿಲ್ಲಲಾಗದು.

ಇಂತಿ,
ನಿಮ್ಮ ಪ್ರೂಫ್ ರೀಡರ್