ಅಪ್ಪನ ದನಿ ಗದ್ದಲವಂತೆ

ಮನೆಯಿಂದ
ಹನ್ನೆರಡನೇ ತಾರೀಖು, ಮಂಗಳವಾರ, ಊಟವಾದ ಮೇಲೆ

ಪ್ರೀತಿಯ ಮಗಳೇ,

ಹೇಗಿದ್ದೀಯ? ಕೈ ಸುಟ್ಟುಕೊಂಡಿದ್ದೇನೆ ಎಂದು ಹಿಂದಿನ ಬಂದರಿನಿಂದ ಫೋನು ಮಾಡಿದ್ದೆಯಲ್ಲ, ಗಾಯ ಮಾಗಿತೇ? ಹಡಗು ಅಲುಗಾಡಿದಾಗ ಹೊಟ್ಟೆ ತೊಳೆಸುವುದು ನಿಂತಿತೇ? ಮೂವತ್ತೆಂಟು ಜನಕ್ಕೆ ಮೂರು ಹೊತ್ತು ಬೇಯಿಸಿ ಹಾಕುವ ನೀನು ಒಲೆ ಮುಂದೆ ನಿಂತೇ ಎರಡು ತುತ್ತು ನುಂಗುತ್ತೀಯ ಎಂದು ನನಗೆ ಗೊತ್ತು. ಕೂತು ತಿನ್ನು. ಇಲ್ಲಿ ನನ್ನ ಮಂಡಿ ಹೇಳಿದ ಮಾತು ಕೇಳುತ್ತಿಲ್ಲ. ರಕ್ತದೊತ್ತಡ ಹೋದ ತಿಂಗಳವರೆಗೆ ಹತೋಟಿಯಲ್ಲಿತ್ತು. ಈಗ ಏರಿದ್ದರೆ ಅದಕ್ಕೆ ಹೊಣೆ ನಾನಲ್ಲ, ನೀನು ಹೊರಡುವ ಮುನ್ನ ಕೊಡಿಸಿ ಹೋದ ಹೊಸ ಕಿವಿಯ ಮಷೀನು. ನಿನ್ನ ಮೇಲೆ ಸಿಟ್ಟಿಲ್ಲ, ನೀನು ಪ್ರೀತಿಯಿಂದ ಕೊಡಿಸಿದೆ. ಅದನ್ನು ಮಾಡಿದವರು ಎದುರಿಗೆ ಸಿಕ್ಕರೆ ಮಾತ್ರ ಸುಮ್ಮನೆ ಬಿಡುವವಳಲ್ಲ.

ನನ್ನ ಹಳೆಯ ಮಷೀನು ನೆನಪಿದೆಯಲ್ಲ, ಗೋಡಂಬಿಯಷ್ಟು ದಪ್ಪ, ಬೆನ್ನಲ್ಲೊಂದು ಚಿಕ್ಕ ಸ್ಕ್ರೂ. ಅಂಗಡಿಯ ಮುದುಕ ಗಡಿಯಾರ ರಿಪೇರಿಯ ಸ್ಕ್ರೂಡ್ರೈವರ್ ಹಿಡಿದು ಕೂದಲೆಳೆಯಷ್ಟು ತಿರುಗಿಸಿ “ಈಗ ಕೇಳಿಸ್ತಾ ಅಮ್ಮಾ? ಈಗ?” ಎನ್ನುತ್ತಿದ್ದ. ಕೇಳಿಸಿದರೆ ಕೆಲಸ ಮುಗಿಯಿತು, ಹನ್ನೊಂದು ವರ್ಷ ಹಾಗೇ ನಡೆಯಿತು. ಈಗ ಆ ಅಂಗಡಿಗೂ ಎದುರಿನ ಅಂಗಡಿಗೂ ಬಸ್ ನಿಲ್ದಾಣದ ಬಳಿಯ ಮೂರನೆಯದಕ್ಕೂ ಒಂದೇ ನೀಲಿ ಬೋರ್ಡು. ಮೂರನ್ನೂ ಒಬ್ಬನೇ ನುಂಗಿದ್ದಾನೆ. ಹಳೆಯದಕ್ಕೆ ಬಿಡಿಭಾಗ ಮಾಡುವುದನ್ನು ನಿಲ್ಲಿಸಿದ್ದೇವೆ ಎಂದರು, ಹೊಸದು ಕೊಳ್ಳುವಾಗ ಹಳೆಯದನ್ನು ಕಿತ್ತು ಇಟ್ಟುಕೊಂಡರು. ವಾಪಸು ಕೊಡಿ ಎಂದು ಮೊನ್ನೆ ಹೋದರೆ ಪುಡಿ ಮಾಡಲು ಕಳಿಸಿಯಾಯಿತಂತೆ. ಇನ್ನೆಲ್ಲಿಗೆ ಹೋಗಲಿ? ಯಾವ ಬಾಗಿಲು ತಟ್ಟಿದರೂ ತೆರೆಯುವವನು ಅವನೇ. ಇನ್ನೊಂದು ಕೇಳು, ಈ ಮಷೀನಿಗೆ ಬರುವ ಅಪ್‌ಡೇಟೆಲ್ಲ ನಿಮ್ಮ ಹಡಗಿನವರು ಸಮುದ್ರದಡಿ ಇಳಿಸುತ್ತಾರಲ್ಲ, ಅಂಥ ಕೇಬಲ್ಲಿನಲ್ಲೇ ಹರಿದು ಬರುವುದಂತೆ. ಒಟ್ಟಿನಲ್ಲಿ ನೀನೂ ಆ ಕಳ್ಳರಿಗೇ ಅನ್ನ ಹಾಕುತ್ತಿದ್ದೀಯ.

ಫೋನಿನಲ್ಲಿ ಹಾಕಿಕೊಟ್ಟು ಹೋದೆಯಲ್ಲ ಆ ಆಪು, ಅದು ನನ್ನನ್ನು ಎಳೆಮಗು ಎಂದುಕೊಂಡಿದೆ. ಬೆಳಿಗ್ಗೆ ಮಷೀನು ಸಿಕ್ಕಿಸಿಕೊಂಡರೆ ಪರದೆಯ ಮೇಲೆ ಬಲೂನು ಹಾರುತ್ತವೆ. ಸತತ ಇಪ್ಪತ್ತು ದಿನ ಧರಿಸಿದ್ದಕ್ಕೆ ನಕ್ಷತ್ರ ಕೊಟ್ಟು, ನೀವೀಗ ಮೂರನೇ ಹಂತ ತಲುಪಿದ್ದೀರಿ, ‘ಚುರುಕು ಕಿವಿ’ ಬಿರುದು ನಿಮ್ಮದು ಎಂದಿತು. ಕಿವುಡಿಗೆ ಚುರುಕು ಕಿವಿಯ ಬಿರುದು. ಸ್ನಾನಕ್ಕೆಂದು ತೆಗೆದಿಟ್ಟು ಮರೆತರೆ ನಕ್ಷತ್ರ ಕಿತ್ತುಕೊಳ್ಳುತ್ತದೆ. ಮೇಲಿನ ಮನೆಯವನು ದಿನವಿಡೀ ಬಂದೂಕಿನ ಆಟ ಆಡುತ್ತಾನೆ, ಅವನಿಗೂ ಹೀಗೇ ಬಿರುದು ಸಿಗುತ್ತವಂತೆ. ಅವನು ಅಲ್ಲಿ ಆಡಿದರೆ ಆಟ, ನನ್ನ ಕಿವಿಯನ್ನು ಆಟಕ್ಕೆ ಸೇರಿಸಿ ಎಂದು ಯಾರು ಕೇಳಿದ್ದರು? ಅವನ ಆಟದಲ್ಲಿ ಗುಂಡೇಟು ತಿಂದವರ ಕಿರುಚಾಟ ಚಾವಣಿ ದಾಟಿ ನನಗೆ ಚೆನ್ನಾಗಿ ಕೇಳಿಸುತ್ತದೆ. ಟೀವಿಯ ಜಾಹೀರಾತು ಒಂದಕ್ಷರ ಬಿಡದೆ ಕೇಳಿಸುತ್ತದೆ. ನಿಮ್ಮಪ್ಪನ ಮಾತು ಕೇಳಿಸುವುದಿಲ್ಲ.

ಇದು ತಮಾಷೆಗೆ ಬರೆದದ್ದಲ್ಲ. ಆಪರೇಷನ್ ಆಗಿ ಐದು ತಿಂಗಳಾಯಿತು, ಅವರ ಗಂಟಲಲ್ಲಿ ಈಗ ಉಳಿದಿರುವುದು ಸೈಕಲ್ ಟ್ಯೂಬಿನಿಂದ ಗಾಳಿ ಹೋದಂಥ ದನಿ ಎಂದು ನಿನಗೆ ಗೊತ್ತೇ ಇದೆ. ದಿನಕ್ಕೆ ಒಂದು ಗಂಟೆಯಾದರೂ ಎದುರಿಗೆ ಯಾರನ್ನಾದರೂ ಕೂರಿಸಿಕೊಂಡು ಮಾತಾಡಲೇಬೇಕು, ಸುಮ್ಮನಾದರೆ ಇರುವ ದನಿಯೂ ಹೋಗುತ್ತದೆ ಎಂದು ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ ಹೇಳಿದ್ದರು. ಪಾಪ, ಶುರುಮಾಡಿಯೂ ಇದ್ದರು. ಮೂವತ್ತು ವರ್ಷ ಥಿಯೇಟರಿನಲ್ಲಿ ರೀಲು ಓಡಿಸಿದವರು, ಕಥೆಗೆ ಬರವೇ? ಯಾವ ಚಿತ್ರಕ್ಕೆ ಯಾವ ರೀಲು ಹಿಂದುಮುಂದಾಯಿತು, ಸತ್ತ ಖಳನಾಯಕ ಮಧ್ಯಂತರದ ಮೇಲೆ ಎದ್ದು ಬಂದದ್ದಕ್ಕೆ ಜನ ಹೇಗೆ ಸಿಳ್ಳೆ ಹೊಡೆದರು, ಎಲ್ಲ ಹೇಳುತ್ತಿದ್ದರು. ಈಗ ಅವರು ಬಾಯಿ ತೆರೆದ ತಕ್ಷಣ ಫೋನಿನಲ್ಲಿ ‘ಗದ್ದಲ ಕಡಿಮೆ ಮಾಡಲಾಗಿದೆ’ ಎಂಬ ಹಸಿರು ಅಕ್ಷರ ಬರುತ್ತದೆ, ನನ್ನ ಕಿವಿಯಲ್ಲಿ ನಿಶ್ಶಬ್ದ. ಮಷೀನು ತೆಗೆದರೆ ಲೋಕವೇ ನಿಶ್ಶಬ್ದ. ಈಗಿನ ಚಿತ್ರಗಳ ನಾಯಕರಿಗೆ ಪಿಸುಗುಟ್ಟುವುದೇ ಅಭಿನಯ, ಆ ಪಿಸುಮಾತನ್ನು ಇದು ಹೆಕ್ಕಿ ತಂದು ಕಿವಿಗೆ ಹಾಕುತ್ತದೆ. ಪಕ್ಕದ ಕುರ್ಚಿಯಲ್ಲಿ ಕೂತ ಗಂಡ ಗಂಟಲು ಹರಿದುಕೊಂಡರೂ ಗದ್ದಲ. ಮೊದಮೊದಲು “ಏನೇ, ಬೇಕಂತಲೇ ಕೇಳಿಸ್ಕೊಳ್ತಿಲ್ವಾ?” ಎಂದು ಸಿಡುಕುತ್ತಿದ್ದರು. ಅದನ್ನೂ ತುಟಿ ನೋಡಿ ತಿಳಿದುಕೊಂಡೆ. ಈಗ ನಾಲ್ಕು ದಿನದಿಂದ ಚೀಟಿ ಬರೆಯುತ್ತಿದ್ದಾರೆ. ‘ಕಾಫಿ’. ‘ಕನ್ನಡಕ ಎಲ್ಲಿ’. ಮನೆಯಲ್ಲಿ ಎಲ್ಲೆಂದರಲ್ಲಿ ಚೀಟಿ. ಅವುಗಳನ್ನು ಗುಡಿಸುವಾಗ ನನಗೆ ಹೆದರಿಕೆಯಾಗುತ್ತದೆ ಮಗಳೇ.

ಕಂಪನಿಗೆ ಫೋನು ಮಾಡಿದೆ. ಮೊದಲು ಒಂದು ಮಷೀನು ಮಾತಾಡಿತು. ನಿಮ್ಮ ತೊಂದರೆಯನ್ನು ಒಂದೇ ಪದದಲ್ಲಿ ಹೇಳಿ ಎಂದಿತು. ‘ಗಂಡ’ ಎಂದೆ. ಅರ್ಥವಾಗಲಿಲ್ಲ, ಮತ್ತೊಮ್ಮೆ ಹೇಳಿ ಎಂದಿತು. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತವಳು ನಾನು. ಉಸಿರು ಕೇಳಿದರೆ ಸಾಕು, ಯಾರು, ಯಾರ ಮೇಲೆ ಸಿಟ್ಟಾಗಿದ್ದಾರೆ ಎಂದು ಹೇಳುತ್ತಿದ್ದೆ. ಲೈನು ತಪ್ಪಿದರೆ ಕಿತ್ತು ಸರಿಯಾದ ತೂತಿಗೆ ಚುಚ್ಚುತ್ತಿದ್ದೆ. ಅಂಥವಳನ್ನು ಮುಕ್ಕಾಲು ಗಂಟೆ ಸಂಗೀತ ಕೇಳಿಸುತ್ತ ಕಾಯಿಸಿದರು. ಕೊನೆಗೆ ಸಿಕ್ಕಿದ ಮನುಷ್ಯ “ಮೇಡಂ, ಯಾವುದು ಗದ್ದಲ ಅಂತ ಅದು ಕಲಿತುಬಿಟ್ಟಿದೆ, ಇಲ್ಲಿಂದ ನಾವೇನೂ ಮಾಡೋಕಾಗಲ್ಲ” ಎಂದ. ಕಲಿತದ್ದನ್ನು ಅಳಿಸುವ ಅಧಿಕಾರ ಖಾತೆಯ ಒಡೆಯರಿಗೆ ಮಾತ್ರವಂತೆ. ಖಾತೆ ನಿನ್ನ ನಂಬರಿನಲ್ಲಿದೆ, ನೀನು ನಡುಗಡಲಿನಲ್ಲಿದ್ದೀಯ. ಕಿವಿ ನನ್ನದು, ಗಂಡ ನನ್ನವರು, ಒಡೆತನ ಮಾತ್ರ ಬೇರೆಯವರದು. ಇಂಥ ಅನ್ಯಾಯವನ್ನು ಬಲೂನು ಹಾರಿಸಿ ಮಾರುತ್ತಾರಲ್ಲ, ನಾಚಿಕೆಯಾಗಬೇಕು ಅವರಿಗೆ.

ಬಂದರು ಸೇರಿ ಈ ಕಾಗದ ಕೈಗೆ ಸಿಕ್ಕ ಕೂಡಲೇ, ಬೇರೆ ಯಾವ ಕೆಲಸಕ್ಕೂ ಕೈ ಹಾಕದೆ, ನಿನ್ನ ಫೋನಿನಲ್ಲಿ ಆ ಆಪು ತೆರೆದು ‘ಕಲಿತದ್ದನ್ನೆಲ್ಲ ಅಳಿಸಿ’ ಎಂಬಲ್ಲಿ ಒತ್ತು. ನಾಳೆ ಎನ್ನಬೇಡ. ಅಲ್ಲಿಯವರೆಗೆ ನಿಮ್ಮಪ್ಪನ ತುಟಿಯನ್ನೇ ಓದುತ್ತಿರುತ್ತೇನೆ, ಆದರೆ ಮೀಸೆ ಅಡ್ಡ ಬರುತ್ತದೆ, ಬೋಳಿಸಿ ಎಂದರೆ ಕೇಳುವವರಲ್ಲ.

ಉಪ್ಪು ಗಾಳಿಗೆ ತಲೆಗೆ ಬಟ್ಟೆ ಕಟ್ಟಿಕೋ. ನಿನ್ನ ಜೊತೆ ತರಕಾರಿ ಹೆಚ್ಚುವ ಆ ದಪ್ಪನೆಯ ಹುಡುಗಿಯನ್ನೂ ಕೇಳಿದೆನೆಂದು ಹೇಳು. ನಿನ್ನ ಕೈಯಡುಗೆ ಉಂಡವರೆಲ್ಲ ನಿನ್ನನ್ನು ಹರಸಲಿ, ಉಳಿದದ್ದು ನನ್ನ ಪಾಲಿನ ಹರಕೆ.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದನ್ನು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಧೈರ್ಯ ಸಾಲದು. ಮೆಸೇಜು ಹಾಕದೆ ಕಾಗದ ಬರೆದದ್ದೂ ಇದಕ್ಕೇ, ನನ್ನ ಫೋನಿನಿಂದ ಹೋದದ್ದು, ಬಂದದ್ದು ಎಲ್ಲವನ್ನೂ ಓದುವವರು ಅಪ್ಪ. ಆ ಕಂಪನಿಯವನು ಇನ್ನೊಂದು ಮಾತು ಹೇಳಿದ್ದ. “ತೊಂದರೆ ಕೊಡೋ ಸದ್ದು ಅಂತ ನೀವೇ ಒತ್ತಿದೀರಲ್ಲ ಮೇಡಂ, ಹನ್ನೊಂದು ಸಲ” ಎಂದು ತಾರೀಖಿನ ಸಮೇತ ಓದಿದ. ನಿಜ. ಮೊದಲ ವಾರ ‘ಈ ಸದ್ದು ತೊಂದರೆ ಕೊಡುತ್ತಿದೆಯೇ?’ ಎಂದು ಆ ಆಪು ಕೇಳುತ್ತಿತ್ತು, ಮಿಕ್ಸಿಗೆ ಒತ್ತಿದೆ, ಬೀದಿಯ ಹಾರನ್ನಿಗೆ ಒತ್ತಿದೆ, ಆಮೇಲೆ ನಿಮ್ಮಪ್ಪ ಮಾತಾಡುವಾಗಲೂ ಒತ್ತಿದೆ. ಹಳೆಯ ಮಷೀನಿನಲ್ಲಿ ಆ ದನಿ ಮಸುಕಾಗಿತ್ತು, ಹೇಗೋ ತಡೆದುಕೊಂಡಿದ್ದೆ. ನೀನು ಕೊಡಿಸಿದ್ದರಲ್ಲಿ ಪೂರ್ತಿ ಕೇಳಿಸಿತು. ನನ್ನ ಗಂಡನ ದನಿ ಅದಲ್ಲ ಅನಿಸಿತು, ಕೇಳಲಾಗಲಿಲ್ಲ. ಬೆರಳು ತಾನಾಗಿ ಹೋಯಿತು ಎಂದು ಸುಳ್ಳು ಹೇಳುವುದಿಲ್ಲ, ಗೊತ್ತಿದ್ದೇ ಒತ್ತಿದೆ. ಈಗ ಅದೇ ದನಿ ಬೇಕು. ಬೇಗ ಅಳಿಸು. ಅವರಿಗೆ ಮಾತ್ರ ಹೇಳಬೇಡ. ನಿನ್ನೆ ಅವರು ಕಂಪನಿಗೆ ನಾಲ್ಕು ಪುಟದ ದೂರು ಬರೆದು, ದುಂಡಗಿನ ಅಕ್ಷರದಲ್ಲಿ ಪ್ರತಿ ಮಾಡಿ, ಅಂಚೆಗೆ ಹಾಕು ಎಂದು ನನ್ನ ಕೈಗೇ ಕೊಟ್ಟಿದ್ದಾರೆ. ‘ನನ್ನ ಹೆಂಡತಿಗೆ ನನ್ನ ಮಾತೆಂದರೆ ಪ್ರಾಣ, ಅದನ್ನು ಅವಳಿಂದ ಕಿತ್ತುಕೊಳ್ಳಲು ನಿಮಗೆ ಹಕ್ಕು ಕೊಟ್ಟವರಾರು?’ ಎಂದು ಮೊದಲ ಸಾಲು. ಆ ದೂರು ಇನ್ನೂ ನನ್ನ ಕೈಚೀಲದಲ್ಲೇ ಇದೆ.